ಕೆನಡಾಕ್ಕೆ ವಲಸೆ: ಹೊಸ ನೆಲದಲ್ಲಿ ಸೊನ್ನೆಯಿಂದ ಲೆಕ್ಕ

ಕೆನಡಾದ ಕಾಯಂ ವಾಸದ ಅನುಮತಿ ಕೈಗೆ ಬಂದ ದಿನ ಮನೆಯಲ್ಲಿ ಸಿಹಿ ಹಂಚಲಾಗುತ್ತದೆ. ಬಂಧುಗಳು ಹರಸುತ್ತಾರೆ. ಕೊನೆಯ ವಾರವೆಲ್ಲ ಸೂಟ್‌ಕೇಸ್‌ಗಳ ತೂಕ ನೋಡುವುದರಲ್ಲೇ ಕಳೆದುಹೋಗುತ್ತದೆ. ಆದರೆ ಸೂಟ್‌ಕೇಸ್‌ನಲ್ಲಿ ಹಿಡಿಸದ ಕೆಲವು ಸಂಗತಿಗಳಿವೆ. ತಪ್ಪದೆ ಸಾಲದ ಕಂತು ಕಟ್ಟಿ ಗಳಿಸಿದ ಹೆಸರು, ಕಚೇರಿಯಲ್ಲಿ ಪಡೆದ ಹಿರಿತನ, ಗಂಡ-ಹೆಂಡತಿ ಇಬ್ಬರ ವೃತ್ತಿಗೂ ಊರಿನಲ್ಲಿದ್ದ ಮಾನ್ಯತೆ, ಇವು ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಇಳಿಯುವ ಕುಟುಂಬದ ಜೊತೆ ಪೂರ್ಣವಾಗಿ ಬರುವುದಿಲ್ಲ. ಹೊಸ ದೇಶದ ದಾಖಲೆಗಳಲ್ಲಿ ಆ ಕುಟುಂಬದ ಚರಿತ್ರೆ ಆರಂಭವಾಗುವುದೇ ಅಂದಿನಿಂದ.

ಕೆನಡಾದಲ್ಲಿ ಆರೋಗ್ಯ, ಶಿಕ್ಷಣ, ಬಾಡಿಗೆ ಮತ್ತು ವೃತ್ತಿ ಪರವಾನಗಿ ಪ್ರಾಂತ್ಯ ಸರ್ಕಾರಗಳ ಅಧೀನದಲ್ಲಿವೆ. ಆದ್ದರಿಂದ ಒಂದು ಪ್ರಾಂತ್ಯದ ನಿಯಮ ಇನ್ನೊಂದಕ್ಕೆ ಅನ್ವಯಿಸದು. ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ನಗರಗಳಿರುವ, ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಒಂಟಾರಿಯೊ ಪ್ರಾಂತ್ಯವನ್ನೇ ಉದಾಹರಣೆಯಾಗಿ ಇಲ್ಲಿ ನೋಡಬಹುದು.

ಮೊದಲ ವಾರ: ಕಾಗದದ ಸರದಿ

ಮೊದಲು ಮಾಡಬೇಕಾದ ಕೆಲಸ ಒಂಬತ್ತು ಅಂಕಿಗಳ ಸಾಮಾಜಿಕ ವಿಮಾ ಸಂಖ್ಯೆ ಪಡೆಯುವುದು. ವೇತನ, ತೆರಿಗೆ, ಸರ್ಕಾರದ ಸೌಲಭ್ಯಗಳೆಲ್ಲವೂ ಇದರ ಮೇಲೆ ನಿಂತಿವೆ. ಇದಕ್ಕೆ ಶುಲ್ಕವಿಲ್ಲ. ಕಾಯಂ ನಿವಾಸಿ ಕಾರ್ಡ್ ಅಂಚೆಯಲ್ಲಿ ಬರುವುದರಿಂದ ದೇಶ ಪ್ರವೇಶಿಸಿದ 180 ದಿನಗಳೊಳಗೆ ಅಲ್ಲಿನ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ಈ ಕಾರ್ಡ್ ಕೈಸೇರುವ ಮೊದಲೇ ಊರಿಗೆ ಬಂದವರು ಹಿಂತಿರುಗಲು ವಿಮಾನ ಏರಬೇಕಾದರೆ ಪ್ರತ್ಯೇಕ ಪ್ರಯಾಣ ದಾಖಲೆ ಪಡೆಯಬೇಕಾಗುತ್ತದೆ.

ಒಂಟಾರಿಯೊದ ಸಾರ್ವಜನಿಕ ಆರೋಗ್ಯ ವಿಮೆಗೆ ಹಿಂದೆ ಮೂರು ತಿಂಗಳು ಕಾಯಬೇಕಿತ್ತು. 2020ರ ಮಾರ್ಚ್‌ನಲ್ಲಿ ಆ ನಿಯಮವನ್ನು ತೆಗೆದುಹಾಕಲಾಯಿತು. ಬ್ರಿಟಿಷ್ ಕೊಲಂಬಿಯಾದಲ್ಲಾದರೋ, ಬಂದ ತಿಂಗಳ ಉಳಿದ ದಿನಗಳ ಜೊತೆಗೆ ಇನ್ನೆರಡು ತಿಂಗಳು ಕಾಯಬೇಕು. ಅಷ್ಟು ಕಾಲ ಖಾಸಗಿ ವಿಮೆ ಅನಿವಾರ್ಯ. ವೈದ್ಯರ ಭೇಟಿ ಮತ್ತು ಆಸ್ಪತ್ರೆಯ ಚಿಕಿತ್ಸೆಗೆ ಹಣ ಕೊಡಬೇಕಿಲ್ಲವಾದರೂ ವಯಸ್ಕರ ಹಲ್ಲಿನ ಚಿಕಿತ್ಸೆ, ಕನ್ನಡಕ, ಅಂಗಡಿಯಲ್ಲಿ ಕೊಳ್ಳುವ ಔಷಧಗಳು ಸಾಮಾನ್ಯವಾಗಿ ಪ್ರಾಂತ್ಯದ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ.

ಬಾಡಿಗೆ ಮನೆ: ಮುಂಗಡಕ್ಕಿಂತ ಪುರಾವೆ ಮುಖ್ಯ

ಹತ್ತು ತಿಂಗಳ ಮುಂಗಡಕ್ಕೆ ಒಗ್ಗಿದ ಬೆಂಗಳೂರಿಗರಿಗೆ ಒಂಟಾರಿಯೊದ ಕಾನೂನು ಅಚ್ಚರಿ ತರಿಸಬಹುದು. ಅಲ್ಲಿ ಮನೆ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೇಳುವಂತಿಲ್ಲ. ಆ ಹಣವೂ ಕೊನೆಯ ತಿಂಗಳ ಬಾಡಿಗೆಗೇ ಸಲ್ಲುತ್ತದೆ. ಆದರೆ ಮಾಲೀಕರು ಉದ್ಯೋಗ ಪತ್ರವನ್ನೂ ಸಾಲದ ಚರಿತ್ರೆಯ ವರದಿಯನ್ನೂ ಕೇಳುತ್ತಾರೆ. ಕೆನಡಾದಲ್ಲಿ ಈ ವರದಿಯ ಅಂಕ 300ರಿಂದ 900ರವರೆಗೆ ಇರುತ್ತದೆ. ಭಾರತದ ಸಾಲದ ದಾಖಲೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರ ಅಂಕ ಕಡಿಮೆ ಎಂದಲ್ಲ, ಅಂಕವೇ ಇರುವುದಿಲ್ಲ.

ಕೆಲಸವಿಲ್ಲದೆ ಮನೆ ಸಿಗುವುದು ಕಷ್ಟ, ವಿಳಾಸವಿಲ್ಲದೆ ಮುಂದಿನ ಕಾಗದಗಳು ಸಾಗುವುದು ಕಷ್ಟ. ಈ ಸುಳಿಯಿಂದ ಹೊರಬರಲು ಅನೇಕ ಕುಟುಂಬಗಳು ಮೊದಲ ಕೆಲವು ವಾರ ಪರಿಚಿತರ ಮನೆಯ ನೆಲಮಾಳಿಗೆಯಲ್ಲೋ ತಾತ್ಕಾಲಿಕ ಕೊಠಡಿಯಲ್ಲೋ ಇರುತ್ತವೆ. ಸಣ್ಣ ಮಿತಿಯ ಕ್ರೆಡಿಟ್ ಕಾರ್ಡ್ ಪಡೆದು ಪ್ರತಿ ತಿಂಗಳೂ ಪೂರ್ತಿ ಬಾಕಿ ತೀರಿಸುತ್ತ ಬಂದರೆ ಹೊಸ ಚರಿತ್ರೆ ಬೆಳೆಯತೊಡಗುತ್ತದೆ. ಚಳಿಯ ಬಗ್ಗೆಯೂ ಒಂದು ಮಾತು: ಬಾಡಿಗೆಯಲ್ಲಿ ಶಾಖ ಸೇರಿದ್ದರೆ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಮನೆಯೊಳಗೆ ಕನಿಷ್ಠ 20 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವುದು ಮಾಲೀಕರ ಹೊಣೆ ಎಂದು ಪ್ರಾಂತ್ಯದ ನಿಯಮ ಹೇಳುತ್ತದೆ.

ಮಕ್ಕಳು ಮುಂದೆ, ಹಿರಿಯರು ಹಿಂದೆ

ಕುಟುಂಬದಲ್ಲಿ ಬೇಗನೆ ಹೊಂದಿಕೊಳ್ಳುವವರು ಸಾಮಾನ್ಯವಾಗಿ ಮಕ್ಕಳು. ಸರ್ಕಾರಿ ಶಾಲೆ ಉಚಿತ. ಯಾವ ಶಾಲೆ ಎಂಬುದನ್ನು ಬಹುಪಾಲು ಮನೆಯ ವಿಳಾಸವೇ ನಿರ್ಧರಿಸುತ್ತದೆ. ನಾಲ್ಕು ವರ್ಷ ತುಂಬುವ ವರ್ಷದ ಸೆಪ್ಟೆಂಬರ್‌ನಿಂದಲೇ ಮಗುವನ್ನು ಪೂರ್ಣ ದಿನದ ಶಿಶುವಿಹಾರಕ್ಕೆ ಕಳುಹಿಸಬಹುದು. ಶಾಲೆಗೆ ಸೇರುವ ಮಗುವಿನ ಲಸಿಕೆ ದಾಖಲೆಯನ್ನು ಸಾರ್ವಜನಿಕ ಆರೋಗ್ಯ ಘಟಕಕ್ಕೆ ಒಪ್ಪಿಸಬೇಕು. ಊರಿನ ಮಕ್ಕಳ ವೈದ್ಯರು ಬರೆದುಕೊಟ್ಟ ಲಸಿಕೆ ಪುಸ್ತಕಕ್ಕೆ ಅಲ್ಲಿ ಪದವಿ ಪತ್ರದಷ್ಟೇ ಬೆಲೆಯಿದೆ.

ಮಕ್ಕಳಿರುವ ಕುಟುಂಬಕ್ಕೆ 2016ರ ಜುಲೈನಲ್ಲಿ ಜಾರಿಗೆ ಬಂದ ಕೆನಡಾ ಮಕ್ಕಳ ಭತ್ಯೆ ಪ್ರತಿ ತಿಂಗಳು ದೊರೆಯುತ್ತದೆ. ಇದಕ್ಕೆ ತೆರಿಗೆ ಇಲ್ಲ. ಮೊತ್ತ ಕುಟುಂಬದ ಆದಾಯವನ್ನು ಅವಲಂಬಿಸಿದೆ. ಭತ್ಯೆ ಮುಂದುವರಿಯಬೇಕಾದರೆ ಸಂಪಾದನೆ ಇಲ್ಲದವರೂ ಸೇರಿ ದಂಪತಿ ಇಬ್ಬರೂ ಪ್ರತಿವರ್ಷ ತೆರಿಗೆ ವಿವರ ಸಲ್ಲಿಸಲೇಬೇಕು.

ಪದವಿ ಬೇರೆ, ಪರವಾನಗಿ ಬೇರೆ

ವಲಸೆಯ ನಿಜವಾದ ಬೆಲೆ ತೆರಬೇಕಾಗಿ ಬರುವುದು ಇಲ್ಲಿ. ವಲಸೆ ಅರ್ಜಿಗಾಗಿ ಮಾಡಿಸುವ ಪದವಿ ಮೌಲ್ಯಮಾಪನವನ್ನು ಅನೇಕರು ವೃತ್ತಿ ಮಾಡಲು ಸಿಕ್ಕ ಒಪ್ಪಿಗೆ ಎಂದು ಭಾವಿಸುತ್ತಾರೆ. ಅದು ಅಂಕ ಗಳಿಸಲು ಮಾತ್ರ. ವೈದ್ಯರು, ದಾದಿಯರು, ಔಷಧ ತಜ್ಞರು, ಶಿಕ್ಷಕರು, ಎಂಜಿನಿಯರುಗಳು ಆಯಾ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಿಂದ ಪರವಾನಗಿ ಪಡೆಯಬೇಕು. ವೈದ್ಯ ಪದವೀಧರರು ಪರೀಕ್ಷೆಗಳ ಜೊತೆಗೆ ಸೀಮಿತ ಸಂಖ್ಯೆಯ ತರಬೇತಿ ಸ್ಥಾನಗಳಿಗಾಗಿ ಪೈಪೋಟಿ ನಡೆಸಬೇಕಾಗುತ್ತದೆ.

ಕೆಲವು ಬಾಗಿಲುಗಳು ಸಡಿಲಗೊಂಡಿವೆ ಎಂಬುದು ಸಮಾಧಾನದ ಸಂಗತಿ. ಎಂಜಿನಿಯರ್ ಪರವಾನಗಿಗೆ ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಬೇಕೆಂಬ ಷರತ್ತನ್ನು ಒಂಟಾರಿಯೊದ ನಿಯಂತ್ರಣ ಸಂಸ್ಥೆ 2023ರಲ್ಲಿ ಕೈಬಿಟ್ಟಿತು. ಉದ್ಯೋಗ ಜಾಹೀರಾತುಗಳಲ್ಲಿ ‘ಕೆನಡಾದ ಅನುಭವ’ ಕೇಳುವುದನ್ನು ನಿಷೇಧಿಸುವ ಕಾನೂನಿಗೆ 2024ರಲ್ಲಿ ಪ್ರಾಂತ್ಯದ ಶಾಸನಸಭೆ ಒಪ್ಪಿಗೆ ನೀಡಿತು.

ಆದರೂ ಮನೆಯೊಳಗಿನ ಲೆಕ್ಕ ಬೇರೆಯೇ ಇರುತ್ತದೆ. ಉಳಿತಾಯ ಕರಗುತ್ತಿರುವಾಗ ದಂಪತಿಯಲ್ಲಿ ಒಬ್ಬರು ಸಿಕ್ಕಿದ ಕೆಲಸ ಹಿಡಿಯುತ್ತಾರೆ. ಇನ್ನೊಬ್ಬರು, ಹೆಚ್ಚಾಗಿ ಹೆಂಡತಿ, ಮಕ್ಕಳು ಶಾಲೆಗೆ ಹೊಂದಿಕೊಳ್ಳಲಿ ಎಂದು ತಮ್ಮ ಪರವಾನಗಿ ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಮುಂದಿನ ವರ್ಷ ಬಂದಾಗ ಮತ್ತೊಂದು ಕಾರಣ ಎದುರಾಗುತ್ತದೆ. ಊರಿನಲ್ಲಿ ದಂತವೈದ್ಯೆಯಾಗಿದ್ದವರು ಅಂಗಡಿಯ ಗಲ್ಲಾದಲ್ಲೇ ಉಳಿದುಬಿಡುವುದು ಹೀಗೆ. ಇದು ಒಮ್ಮೆಲೇ ಕೈಗೊಂಡ ತೀರ್ಮಾನವಲ್ಲ, ಮುಂದೂಡಿಕೆಯ ಫಲ.

ಆದ್ದರಿಂದ ಹೊರಡುವ ಮುನ್ನವೇ ಒಂದಲ್ಲ, ಎರಡು ಕಡತಗಳು ಸಿದ್ಧವಾಗಬೇಕು. ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯವೇ ನೇರವಾಗಿ ಕಳುಹಿಸಬೇಕೆಂದು ಅನೇಕ ಸಂಸ್ಥೆಗಳು ಕೇಳುತ್ತವೆ. ಮೈಸೂರು, ಧಾರವಾಡ ಅಥವಾ ಬೆಳಗಾವಿಯ ವಿಶ್ವವಿದ್ಯಾಲಯದ ಕಚೇರಿಗೆ ಖುದ್ದಾಗಿ ಹೋಗಿ ಮುಗಿಸಬಹುದಾದ ಕೆಲಸ, ಸಾವಿರಾರು ಮೈಲಿ ದೂರ ಹೋದ ಮೇಲೆ ತಿಂಗಳುಗಟ್ಟಲೆ ಎಳೆಯುತ್ತದೆ.

ಊರಿನ ಎಳೆಗಳು

ವಿದೇಶದಲ್ಲಿ ನೆಲೆಸಿದ ಮೇಲೆ ಊರಿನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಬೇಕು. ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಕರ್ನಾಟಕ ಸರ್ಕಾರ 2020ರಲ್ಲಿ ಅವಕಾಶ ಕಲ್ಪಿಸಿದ್ದರೂ, ಕೇಂದ್ರದ ವಿದೇಶಿ ವಿನಿಮಯ ನಿಯಮಗಳಂತೆ ಅನಿವಾಸಿಗಳು ಕೃಷಿ ಭೂಮಿ ಖರೀದಿಸುವಂತಿಲ್ಲ. ಐದು ವರ್ಷಗಳಲ್ಲಿ 1,095 ದಿನ ಕೆನಡಾದಲ್ಲಿ ವಾಸಿಸಿದ ಬಳಿಕ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅದನ್ನು ಪಡೆದೊಡನೆ ಭಾರತದ ಪೌರತ್ವವೂ ಮತದಾನದ ಹಕ್ಕೂ ಕೊನೆಗೊಳ್ಳುತ್ತವೆ.

ಹೊಂದಿಕೊಳ್ಳಲಾಗದೆ ಮರಳುವವರೂ ಇದ್ದಾರೆ. ಕಾಯಂ ನಿವಾಸಿಯ ಸ್ಥಾನ ಉಳಿಯಲು ಐದು ವರ್ಷಗಳಲ್ಲಿ 730 ದಿನ ಅಲ್ಲಿದ್ದರೆ ಸಾಕು. ಎಂದರೆ ಮೊದಲ ಚಳಿಗಾಲದಲ್ಲೇ ಬದುಕಿನ ತೀರ್ಪು ಬರೆದುಕೊಳ್ಳುವ ಅಗತ್ಯವಿಲ್ಲ. ವರ್ಷದ ಕೊನೆಗೆ ಕುಟುಂಬ ಕೇಳಿಕೊಳ್ಳಬೇಕಾದದ್ದು ಎಷ್ಟು ಡಾಲರ್ ಉಳಿಯಿತು ಎಂಬುದನ್ನಷ್ಟೇ ಅಲ್ಲ, ಮನೆಯಲ್ಲಿ ಯಾರ ಕಡತ ಇನ್ನೂ ತೆರೆಯದೆ ಉಳಿದಿದೆ ಎಂಬುದನ್ನು ಕೂಡ.