ಹಸಿರು ಚುಕ್ಕೆಯ ಊಟ

ತಂಗಿಗೆ ಮೊದಲ ಸಂಬಳ ಬಂದಿತು. ಸಂಬಳ ನೇರವಾಗಿ ಬ್ಯಾಂಕಿಗೇ ಹೋಗುವ ಕಾಲವಾದ್ದರಿಂದ ದೇವರ ಮುಂದಿಡಲು ನೋಟುಗಳಿರಲಿಲ್ಲ. ಮೊಬೈಲಿನ ಪರದೆಯನ್ನೇ ದೇವರಿಗೆ ತೋರಿಸಿ ಕೈಮುಗಿದಳು. “ಅಣ್ಣಾ, ಈ ಭಾನುವಾರದ ಊಟ ನನ್ನ ಲೆಕ್ಕದಲ್ಲಿ” ಎಂದಳು.

ಮುಂಬಯಿಯ ಕನ್ನಡಿಗರಿಗೆ ಹೊರಗಿನ ಊಟವೆಂದರೆ ಮಾಟುಂಗಾ. ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರು ಕೇಳದವರು ನಮ್ಮ ಸಂಘದಲ್ಲಿ ಇರಲಾರರು. ನಾವೂ ಅಲ್ಲಿಗೇ ಎಂದುಕೊಂಡಿದ್ದೆವು. ಆದರೆ ತಂಗಿಯ ಮನಸ್ಸು ನಮ್ಮ ಉಪನಗರದಲ್ಲಿ ಹೊಸದಾಗಿ ತೆರೆದಿದ್ದ ‘ಥಾಯ್ ಫ್ಯೂಷನ್’ ಹೋಟೆಲಿನ ಮೇಲಿತ್ತು. ಕಷ್ಟವಿದ್ದದ್ದು ಆಯಿಯದು. ತಂದೆಯವರು ತೀರಿಕೊಂಡ ಮೇಲೆ ನಾಲ್ಕು ವರ್ಷಗಳಿಂದ ಅವಳು ಹೊರಗೆ ಒಂದು ತುತ್ತೂ ಉಂಡವಳಲ್ಲ. ಮಗಳ ಮುಖ ನೋಡಿ, “ಆಯ್ತು, ಬರ್ತೇನೆ” ಎಂದಳು.

ಒಳಗೆ ಮಂದವಾದ ಬೆಳಕು. ಪಟ್ಟಿಯಲ್ಲಿ ಥಾಯ್ ಸಮೋಸಾ, ಪನೀರ್ ಹಾಕಿದ ಹಸಿರು ಕರಿ, ಪಾಡ್ ಥಾಯ್ ತುಂಬಿದ ದೋಸೆ! ಒಂದು ಬಟ್ಟಲಿನ ಬೆಲೆಗೆ ನಮ್ಮ ಮನೆಯ ಎರಡು ದಿನದ ತರಕಾರಿ ಬರುತ್ತದೆ. ಗುಮಾಸ್ತೆಯ ಕಣ್ಣು ಬಲಬದಿಯ ಅಂಕಣಕ್ಕೇ ಮೊದಲು ಹೋಗುವುದು, ಓದುಗರು ಕ್ಷಮಿಸಬೇಕು. ಸಸ್ಯಾಹಾರದ ಪದಾರ್ಥಗಳಿಗೆಲ್ಲ ಹಸಿರು ಚುಕ್ಕೆ ಇತ್ತು.

ಪಾಡ್ ಥಾಯ್ ಮೊದಲು ಬಂದಿತು. ಅಕ್ಕಿ ಶಾವಿಗೆ, ಹುಣಿಸೆ, ಬೆಲ್ಲ, ಶೇಂಗಾ. ನಮ್ಮ ಅಡುಗೆಮನೆಯ ಸಾಮಾನೇ ಬೇರೆ ವೇಷದಲ್ಲಿ ಬಂದಂತಿತ್ತು. ಇದನ್ನು ದೇಶದ ತಿಂಡಿಯೆಂದು ಬೆಳೆಸಿದವನು 1938ರಿಂದ 1944ರವರೆಗೆ ಪ್ರಧಾನಿಯಾಗಿದ್ದ ಪಿಬುನ್ ಸೊಂಗ್‌ಖ್ರಾಮ್. ಸಯಾಮಿಗೆ 1939ರಲ್ಲಿ ಥಾಯ್ಲೆಂಡ್ ಎಂಬ ಹೆಸರು ಬಂದದ್ದೂ ಅವನ ಕಾಲದಲ್ಲೇ.

ಆಮೇಲೆ ಹಸಿರು ಕರಿ. ಆಯಿ ಚಮಚದಿಂದ ಒಂದು ಕಾಯನ್ನು ಸರಿಸಿ ನೋಡಿ, “ಅರೆ, ಇದು ಸುಂಡೆಕಾಯಿ!” ಎಂದಳು. ಶಿರಸಿಯ ಹಿತ್ತಿಲ ಬೇಲಿಯ ಸುಂಡೆಕಾಯಿ! ಪರಿಮಳ ಹಿಡಿದು, “ಮಜ್ಜಿಗೆ ಹುಲ್ಲೂ ಇದೆ” ಎಂದಳು. ನಾಲ್ಕು ವರ್ಷಗಳಲ್ಲಿ ಅಷ್ಟು ಉತ್ಸಾಹದ ದನಿಯನ್ನು ನಾವು ಕೇಳಿರಲಿಲ್ಲ. ಚಮಚ ಬಾಯಿಯ ಹತ್ತಿರ ಬಂದಿತ್ತು.

ನಮ್ಮ ಮನೆಯವರು ಅದೇಕೋ ಬಡಿಸುವ ಹುಡುಗನನ್ನು ಕರೆದು, “ಇದರಲ್ಲಿ ಮೀನಿನದು ಏನೂ ಇಲ್ಲ ತಾನೆ?” ಎಂದು ಕೇಳಿದರು. “ಪೂರಾ ವೆಜ್” ಎಂದ. ಮೇಲ್ವಿಚಾರಕನೂ ಚುಕ್ಕೆ ತೋರಿಸಿದ. ಅವರು ಬಿಡಲಿಲ್ಲ, ಅಡುಗೆಯವನನ್ನೇ ಕೇಳಿ ಬನ್ನಿ ಎಂದರು. ಹುಡುಗ ಹೋದ, ಬಂದ, ತಲೆ ತಗ್ಗಿಸಿದ. ಮಸಾಲೆ ಡಬ್ಬದ್ದು; ಅದರಲ್ಲಿ ಸೀಗಡಿಯಿದೆ.

ಆಯಿ ಚಮಚವನ್ನು ಮೆಲ್ಲನೆ ತಟ್ಟೆಯಲ್ಲಿಟ್ಟಳು. ತಂಗಿಯ ಕಣ್ಣಲ್ಲಿ ನೀರು. ನಮಗೆ ಸಿಟ್ಟು ಬಂದು ನಾಲ್ಕು ಮಾತು ಆಡಿಯೂ ಬಿಟ್ಟೆವು.

ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸ ಮಾಡುವುದು ಬಹುಮಟ್ಟಿಗೆ ‘ನಾಮ್ ಪ್ಲಾ’ ಎಂಬ ಮೀನಿನ ರಸ. ಕರಿಯ ಮಸಾಲೆಗೆ ಹುದುಗಿಸಿದ ಸೀಗಡಿಯನ್ನು ಅರೆದು ಹಾಕುತ್ತಾರೆ. ಅದರ ಹೆಸರು ‘ಕಪಿ’. ಹೆಸರಿಗೆ ನಕ್ಕವರು ಮಕ್ಕಳು ಮಾತ್ರ. ಅದು ಅವರ ಅಡುಗೆಯ ಜೀವಾಳ, ಅವರದೇನೂ ತಪ್ಪಲ್ಲ. ತಪ್ಪು ಚುಕ್ಕೆ ಹಚ್ಚಿದವರದು.

ಆಗ ಅಡುಗೆಯವನೇ ಹೊರಗೆ ಬಂದ. “ತಾಯಿ, ಡಬ್ಬ ಮುಟ್ಟದೆ, ಬರೀ ಉಪ್ಪು ಹಾಕಿ ತೆಂಗಿನಹಾಲಿನ ಸಾರು ಮಾಡಿಕೊಡಲೇ? ಬೇರೆ ಪಾತ್ರೆಯಲ್ಲಿ” ಎಂದು ಹಿಂದಿಯಲ್ಲಿ ಕೇಳಿದ. ಏಳೋಣವೆಂದು ನಾವು ಚೀಲ ಹಿಡಿದಿದ್ದೆವು. ಆಯಿ ಮಗಳ ಕಡೆ ನೋಡಿ, “ಮಾಡಲಿ” ಎಂದಳು.

‘ತೊಮ್ ಖಾ’ ಬಂದಿತು. ‘ಖಾ’ ಎಂದರೆ ದುಂಪರಾಸ್ಮೆ. ತೆಂಗಿನಹಾಲು, ಮಜ್ಜಿಗೆ ಹುಲ್ಲು, ಅಣಬೆ, ನಿಂಬೆರಸ. ಆಯಿ ಬಿಸಿ ಅನ್ನಕ್ಕೆ ಸುರಿದುಕೊಂಡು ಕೈಯಿಂದಲೇ ಕಲಸಿದಳು. “ತಂಬುಳಿಯನ್ನು ಒಲೆಯ ಮೇಲಿಟ್ಟ ಹಾಗಿದೆ” ಎಂದು ಎರಡನೆಯ ಸಲವೂ ಬಡಿಸಿಕೊಂಡಳು. ಹಿಂದಿರುಗಿಸಿದ ಕರಿಯ ಹಣವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ನಾವು ಬಿಲ್ಲನ್ನು ಎರಡು ಸಲ ಕೂಡಿಸಿ ನೋಡಿದೆವು.

ಮರುದಿನ ಅಂಗಡಿಯಲ್ಲಿ ಅಂಥದೇ ಒಂದು ಡಬ್ಬ ಹಿಡಿದು ಸಣ್ಣಕ್ಷರಗಳನ್ನು ಕಚೇರಿಯ ಸುತ್ತೋಲೆಯಂತೆ ಓದಿದೆವು. ಸೀಗಡಿ ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಈಗ ಮನೆಯಲ್ಲೇ ಹಸಿಮೆಣಸಿನಕಾಯಿ, ಕೊತ್ತಂಬರಿ, ಮಜ್ಜಿಗೆ ಹುಲ್ಲು, ಶುಂಠಿ ಅರೆದು ಕರಿ ಮಾಡುತ್ತಾರೆ. ಸುಂಡೆಕಾಯಿ ಮಾತ್ರ ಇಲ್ಲಿ ಸಿಕ್ಕಿಲ್ಲ. ಊರಿಂದ ಬರುವ ಯಾರ ಕೈಯಲ್ಲಾದರೂ ಕಳಿಸೆಂದು ಆಯಿ ಶಿರಸಿಗೆ ಫೋನು ಮಾಡಿದ್ದಾಳೆ.