ಲಜ್ಜೆಯಿಂದ ಬೆಳೆಯುವ ರೋಗಗಳು

ಕಳಲೆಯ ಲಕ್ಷ್ಮೀಕಾಂತಸ್ವಾಮಿಯ ದೇವಾಲಯದ ಜಗುಲಿಯಲ್ಲಿ ವಯಸ್ಸಾದವರು ಸೇರಿದಾಗ ಮಂಡಿನೋವು, ಮಧುಮೇಹ, ಕಣ್ಣಿನ ಪೊರೆಗಳ ಪ್ರಸ್ತಾಪವಾಗುವುದುಂಟು. ಗುದರೋಗದ ಸೊಲ್ಲನ್ನು ಮಾತ್ರ ಯಾರೂ ಎತ್ತರು. ನಾವಾದರೂ ಮಲದೊಡನೆ ರಕ್ತ ಬೀಳುತ್ತಿದ್ದುದನ್ನು ಎಂಟು ತಿಂಗಳು ಯಾರಿಗೂ ತಿಳಿಸದೆ, ಉಷ್ಣವೆಂದು ಭಾವಿಸಿ ಮಜ್ಜಿಗೆ ಕುಡಿದು ಕಾಲಹರಣ ಮಾಡಿದೆವು. ಮುಖ ಬಿಳಿಚಿ, ಮೆಟ್ಟಿಲೇರಲು ಉಸಿರು ಸಾಲದಾದ ಮೇಲೆ ನಮ್ಮ ಮನೆಯವರೇ ಬಲವಂತದಿಂದ ಮೈಸೂರಿನ ವೈದ್ಯರಲ್ಲಿಗೆ ಕರೆದೊಯ್ದರು.

ಈ ನಾಚಿಕೆ ನಮ್ಮ ಪ್ರಾಚೀನರಿಗಿರಲಿಲ್ಲ. ಸುಶ್ರುತಸಂಹಿತೆಯು ಅರ್ಶಸ್ಸಿಗೂ ಭಗಂದರಕ್ಕೂ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟು, ಒಳಭಾಗವನ್ನು ಕಣ್ಣಾರೆ ನೋಡುವುದಕ್ಕಾಗಿ ಗೋಸ್ತನಾಕಾರದ ಯಂತ್ರವೊಂದನ್ನು ಹೇಳಿದೆ. ಅದನ್ನು ಓದಿದ್ದ ನಾವೇ ತೋರಿಸಿಕೊಳ್ಳಲು ಅಂಜಿದುದು ಹಾಸ್ಯಾಸ್ಪದವೇ ಸರಿ.

ಜನರು ಎಲ್ಲವನ್ನೂ ಮೂಲವ್ಯಾಧಿಯೆಂದೇ ಕರೆಯುವರು. ಆದರೆ ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಬೀಳುವುದು. ಗುದದ ಬಿರುಕಿನಲ್ಲಿ ಕತ್ತರಿಸಿದಂಥ ನೋವಿರುವುದು. ಭಗಂದರದಲ್ಲಿ ಪಕ್ಕದ ರಂಧ್ರದಿಂದ ಕೀವು ಒಸರುವುದು. ಕರುಳಿನ ಕ್ಯಾನ್ಸರಿನಲ್ಲಿಯೂ ರಕ್ತ ಬೀಳುವುದರಿಂದ ಊಹೆಯನ್ನು ನಂಬತಕ್ಕದ್ದಲ್ಲ. ವೈದ್ಯರು ಬೆರಳಿನಿಂದಲೂ ಪ್ರಾಕ್ಟೋಸ್ಕೋಪ್ ಎಂಬ ನಳಿಕೆಯಿಂದಲೂ ಪರೀಕ್ಷಿಸಿ, ಅವಶ್ಯವಾದಲ್ಲಿ ಕೊಲೊನೋಸ್ಕೋಪಿನಿಂದ ದೊಡ್ಡ ಕರುಳನ್ನೆಲ್ಲ ನೋಡುವರು. ಭಗಂದರದ ಸುರಂಗವು ಎಂ.ಆರ್.ಐ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು.

ಚಿಕಿತ್ಸೆಯೂ ಈಗ ಮೊದಲಿನಷ್ಟು ಭಯಂಕರವಲ್ಲ. 1963ರಲ್ಲಿ ಅಮೆರಿಕದ ಬ್ಯಾರನ್ ಎಂಬ ವೈದ್ಯನು ಪ್ರಚಾರಕ್ಕೆ ತಂದ ಕ್ರಮದಂತೆ ಮೂಲವ್ಯಾಧಿಯ ಮೊಳಕೆಗೆ ರಬ್ಬರಿನ ಬಳೆ ತೊಡಿಸಿದರೆ, ರಕ್ತಸಂಚಾರ ನಿಂತು ಕೆಲವು ದಿನಗಳಲ್ಲಿ ಅದು ಉದುರುವುದು. ಹೊಸ ಬಿರುಕು ಬಹುಮಟ್ಟಿಗೆ ನಾರಿನ ಆಹಾರ, ಬಿಸಿನೀರಿನ ಸೇಕ, ಮುಲಾಮುಗಳಿಂದಲೇ ಮಾಯುವುದು. ಭಗಂದರಕ್ಕೆ 11ನೆಯ ಶತಮಾನದ ಚಕ್ರಪಾಣಿದತ್ತನು ಹೇಳಿದ ಕ್ಷಾರಸೂತ್ರವನ್ನು ಕಾಶಿಯ ಹಿಂದೂ ವಿಶ್ವವಿದ್ಯಾಲಯದವರು 1960ರ ದಶಕದಲ್ಲಿ ಪುನಃ ಬಳಕೆಗೆ ತಂದರು. ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಸಿನಗಳನ್ನು ಲೇಪಿಸಿದ ದಾರವಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆಯಾದ ನೂರರಲ್ಲಿ 11 ಮಂದಿಗೆ ರೋಗ ಮರುಕಳಿಸಿದರೆ, ದಾರ ಕಟ್ಟಿಸಿಕೊಂಡವರಲ್ಲಿ 4 ಮಂದಿಗೆ ಮಾತ್ರ ಮರುಕಳಿಸಿತು. ಗಾಯ ಮಾಯಲು ಮಾತ್ರ ಹೆಚ್ಚು ಕಾಲ ಹಿಡಿಯಿತು.

ನಮಗಿದ್ದುದು ಮೂಲವ್ಯಾಧಿಯೇ. ಆದರೆ ಕೊಲೊನೋಸ್ಕೋಪಿನಲ್ಲಿ ಮೇಲಣ ಕರುಳಿನಲ್ಲಿ ಸಣ್ಣ ಮಾಂಸಾಂಕುರವೊಂದೂ ಕಂಡುಬಂದಿತು. ಅದನ್ನು ಆಗಲೇ ತೆಗೆದರು. ಬಿಟ್ಟಿದ್ದರೆ ಇಂಥವು ಕೆಲವು ವರ್ಷಗಳಲ್ಲಿ ಕ್ಯಾನ್ಸರಾಗಿ ತಿರುಗಬಹುದೆಂದು ವೈದ್ಯರು ಹೇಳಿದಾಗ, ಆ ಎಂಟು ತಿಂಗಳ ಮೌನದ ಬೆಲೆ ನಮಗೆ ತಿಳಿಯಿತು.

ವಾಚಕರು ರಾಗಿ, ಸೊಪ್ಪು, ಕಾಳು, ಸಾಕಷ್ಟು ನೀರು ಇವುಗಳನ್ನು ಬಿಡತಕ್ಕದ್ದಲ್ಲ; ಮಲವಿಸರ್ಜನೆಯಲ್ಲಿ ತಿಣುಕತಕ್ಕದ್ದಲ್ಲ. ರಕ್ತ ಕಂಡರೆ ಬೀದಿಯ ನಾಟಿಮದ್ದಿಗೆ ಮರುಳಾಗದೆ, ಹೆಂಗಸರಾಗಲಿ ಗಂಡಸರಾಗಲಿ, ಮನೆಯಲ್ಲಿ ಬಾಯಿಬಿಟ್ಟು ಹೇಳಿ ವೈದ್ಯರಿಗೆ ತೋರಿಸತಕ್ಕದ್ದು. ಮಾನವು ಶರೀರವನ್ನು ಕಾಪಾಡಿಕೊಳ್ಳುವುದರಲ್ಲಿದೆ, ರೋಗವನ್ನು ಮುಚ್ಚಿಡುವುದರಲ್ಲಿಲ್ಲ.