ಗೋಡೆಯೊಳಗೆ ಕಳೆದ ಹೊತ್ತು

ಯುರೇನಿಯಂ-238ರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಸುಮಾರು 450 ಕೋಟಿ ವರ್ಷ ಬೇಕು. ಪೊಲೋನಿಯಂ-212ಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲೂ ಬೇಡ. ಎರಡೂ ಹೊರಸೂಸುವುದು ಆಲ್ಫಾ ಕಣವನ್ನೇ. ಆ ಕಣಗಳ ಶಕ್ತಿಯಲ್ಲಿರುವ ಅಂತರ ಸುಮಾರು ಎರಡು ಪಟ್ಟು, ಅಷ್ಟೆ. ಇಷ್ಟು ಸಣ್ಣ ಅಂತರದಿಂದ ಆಯುಸ್ಸು ಇಷ್ಟೊಂದು ಬದಲಾಗುವುದೇಕೆ ಎಂಬುದಕ್ಕೆ 1928ರಲ್ಲಿ ಜಾರ್ಜ್ ಗ್ಯಾಮೋ ಉತ್ತರ ಕೊಟ್ಟರು. ಅದೇ ವರ್ಷ ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಕೂಡ ಬೇರೆಯಾಗಿಯೇ ಅಲ್ಲಿಗೆ ತಲುಪಿದರು. ಬೀಜಕೇಂದ್ರದ ಸುತ್ತ ಶಕ್ತಿಯ ಗೋಡೆಯಿದೆ, ಅದನ್ನು ಹತ್ತಿ ದಾಟುವಷ್ಟು ಶಕ್ತಿ ಆಲ್ಫಾ ಕಣಕ್ಕಿಲ್ಲ. ಆದರೆ ಕಣದ ತರಂಗ ಗೋಡೆಯ ಹೊರಮೈಯಲ್ಲೇ ನಿಂತುಬಿಡುವುದಿಲ್ಲ. ಒಳಹೊಕ್ಕು, ಕ್ಷೀಣಿಸುತ್ತ, ಆಚೆಗೂ ತುಸು ಉಳಿಯುತ್ತದೆ. ಆ ತುಸುವಿನಿಂದಲೇ ಕಣ ಹೊರಬರುವ ಸಂಭವ. ಇದೇ ಟನೆಲಿಂಗ್. ಶಕ್ತಿ ಕೊಂಚ ತಗ್ಗಿದರೂ ಗೋಡೆ ದಪ್ಪವಾಗುತ್ತದೆ, ಸಂಭವ ಪಾತಾಳಕ್ಕಿಳಿಯುತ್ತದೆ.

ಆದರೆ 450 ಕೋಟಿ ವರ್ಷ ಎಂಬುದು ಕಾಯುವ ಕಾಲ. ದಾಟುವುದಕ್ಕೇ ಎಷ್ಟು ಹೊತ್ತು ಬೇಕು?

ಕ್ವಾಂಟಮ್ ಸಿದ್ಧಾಂತ ಇಲ್ಲಿ ತಡವರಿಸುತ್ತದೆ. ಕಣ ಎಲ್ಲಿದೆ, ಅದರ ಸಂವೇಗವೆಷ್ಟು, ಶಕ್ತಿಯೆಷ್ಟು ಎಂದು ಕೇಳುವುದಕ್ಕೆ ಅದರ ಗಣಿತದಲ್ಲಿ ನಿಶ್ಚಿತ ವಿಧಾನಗಳಿವೆ. ಕಾಲಕ್ಕೆ ಅಂಥದ್ದಿಲ್ಲ. ಅದು ಕಣದ ಗುಣವಲ್ಲ. ಸಮೀಕರಣದ ಹೊರಗೆ, ಪ್ರಯೋಗಾಲಯದ ಗಡಿಯಾರದಲ್ಲಿ ಓಡುತ್ತಿರುವ ಸಂಖ್ಯೆ. ಕಾಲವನ್ನೂ ಸ್ಥಾನದಂತೆಯೇ ಅಳೆಯುವ ರಾಶಿಯಾಗಿಸಲು ಹೊರಟರೆ ಶಕ್ತಿಗೆ ಕೆಳಮಿತಿಯೇ ಇಲ್ಲದಾಗುತ್ತದೆ ಎಂದು ವುಲ್ಫ್‌ಗ್ಯಾಂಗ್ ಪೌಲಿ ವಾದಿಸಿದ್ದರು.

ಹಾಗಾದರೆ ತರಂಗದ ಶಿಖರ ಒಳಹೋದ ಮತ್ತು ಹೊರಬಂದ ಗಳಿಗೆಗಳನ್ನು ಗುರುತಿಸಿದರೆ ಸಾಲದೆ? 1962ರಲ್ಲಿ ಥಾಮಸ್ ಹಾರ್ಟ್‌ಮನ್ ಆ ಲೆಕ್ಕ ಮಾಡಿದಾಗ, ಗೋಡೆ ದಪ್ಪವಾದರೂ ಕಾಲ ಒಂದು ಮಿತಿಯಾಚೆ ಬೆಳೆಯಲಿಲ್ಲ. ಸಾಕಷ್ಟು ದಪ್ಪ ಗೋಡೆಯಾದರೆ ಬೆಳಕಿಗಿಂತ ವೇಗ! ಹಾಗೆಂದು ಬೆಳಕನ್ನು ಹಿಂದಿಕ್ಕಿ ಸಂದೇಶ ಕಳಿಸಲಾಗದು. ತರಂಗದ ಬಹುಪಾಲು ಮರಳಿಹೋಗಿ, ಉಳಿದ ಸಣ್ಣ ಪಾಲು ಹೊಸ ಆಕಾರ ತಳೆದಿರುತ್ತದೆ. ಒಳಹೋದ ಶಿಖರವೇ ಹೊರಬಂದಿತು ಎನ್ನಲು ಆಧಾರವಿಲ್ಲ.

ನನಗೆ ಅತ್ಯಂತ ಸುಂದರವಾಗಿ ಕಾಣುವುದು 1960ರ ದಶಕದಲ್ಲಿ ಸೋವಿಯತ್ ಭೌತವಿಜ್ಞಾನಿ ಬಾಜ್ ಮುಂದಿಟ್ಟ ಉಪಾಯ: ಗಡಿಯಾರವನ್ನು ಕಣದೊಳಗೇ ಇಡುವುದು. ಕಣಕ್ಕೆ ಸ್ಪಿನ್ ಇದೆ. ಕಾಂತಕ್ಷೇತ್ರದಲ್ಲಿ ಆ ಸ್ಪಿನ್, ವಾಲಿದ ಬುಗುರಿಯ ಅಚ್ಚಿನಂತೆ, ನಿಗದಿತ ವೇಗದಲ್ಲಿ ಸುತ್ತುತ್ತದೆ. ಗೋಡೆಯೊಳಗೆ ಮಾತ್ರ ಕಾಂತಕ್ಷೇತ್ರವಿದ್ದರೆ, ಹೊರಬಂದ ಕಣದ ಸ್ಪಿನ್ ಎಷ್ಟು ತಿರುಗಿದೆ ಎಂಬುದೇ ಒಳಗೆ ಕಳೆದ ಹೊತ್ತು. 1983ರಲ್ಲಿ ಮಾರ್ಕಸ್ ಬ್ಯೂಟಿಕರ್ ಒಂದು ತೊಡಕನ್ನು ತೋರಿಸಿದರು. ಕಾಂತಕ್ಷೇತ್ರದ ದಿಕ್ಕಿನ ಸ್ಪಿನ್‌ಗೆ ಗೋಡೆ ಸ್ವಲ್ಪ ತಗ್ಗುತ್ತದೆ, ವಿರುದ್ಧ ದಿಕ್ಕಿನದಕ್ಕೆ ಎತ್ತರವಾಗುತ್ತದೆ. ಹೀಗಾಗಿ ಸ್ಪಿನ್ ಸುತ್ತುವುದಷ್ಟೇ ಅಲ್ಲ, ಕಾಂತಕ್ಷೇತ್ರದ ಕಡೆಗೆ ವಾಲುತ್ತದೆ ಕೂಡ. ಸುತ್ತಿದ ಕೋನ ಹೊತ್ತನ್ನು ಹೇಳಿದರೆ, ವಾಲಿದ ಕೋನ ಅಳತೆಯೇ ಕಣವನ್ನು ಎಷ್ಟು ಕದಡಿತೆಂದು ಹೇಳುತ್ತದೆ.

ಇದನ್ನು ಪ್ರಯೋಗದಲ್ಲಿ ಸಾಧಿಸಿದ್ದು ಟೊರಾಂಟೊ ವಿಶ್ವವಿದ್ಯಾಲಯದ ಏಫ್ರೇಮ್ ಸ್ಟೈನ್‌ಬರ್ಗ್ ತಂಡ, 2020ರಲ್ಲಿ. ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಣಿಸಿದ ರುಬಿಡಿಯಂ ಪರಮಾಣುಗಳಿಗೆ 1.3 ಮೈಕ್ರೋಮೀಟರ್ ದಪ್ಪದ ಲೇಸರ್ ಬೆಳಕೇ ಗೋಡೆ; ಕಾಂತಕ್ಷೇತ್ರದ ಕೆಲಸವನ್ನೂ ಆ ಬೆಳಕೇ ಮಾಡಿತು. ಸಿಕ್ಕ ಉತ್ತರ ಸುಮಾರು 0.61 ಮಿಲಿಸೆಕೆಂಡ್.

ಇದಕ್ಕೂ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ, ತೀವ್ರ ಲೇಸರ್ ಕ್ಷೇತ್ರ ಹೈಡ್ರೋಜನ್ನಿನಿಂದ ಎಲೆಕ್ಟ್ರಾನನ್ನು ಹೊರಗೆಳೆಯುವಾಗ ಆಗುವ ವಿಳಂಬವನ್ನು ಹುಡುಕಿದ್ದರು. ವಿಳಂಬವಿದ್ದರೂ 1.8 ಅಟೋಸೆಕೆಂಡಿಗಿಂತ, ಅಂದರೆ ಮಿಲಿಸೆಕೆಂಡಿನ ಮುಂದೆ ಲೆಕ್ಕಕ್ಕೇ ಸಿಗದಷ್ಟು ಸಣ್ಣ ಹೊತ್ತಿಗಿಂತ, ಕಡಿಮೆ ಎಂದಾಯಿತು. ಈ ಎರಡನ್ನೂ ಒಂದರ ಎದುರು ಒಂದನ್ನು ನಿಲ್ಲಿಸಿ ಗೆದ್ದವರಾರು ಎಂದು ಕೇಳುವುದು ಸರಿಯಲ್ಲ. ಅಲ್ಲಿ ಅಳೆದದ್ದು ಎಲೆಕ್ಟ್ರಾನ್ ಹಾರಿದ ದಿಕ್ಕಿನಿಂದ ಊಹಿಸಿದ ವಿಳಂಬ, ಇಲ್ಲಿ ಅಳೆದದ್ದು ಗೋಡೆಯೊಳಗಿನ ವಾಸ. ಬರಿಗಣ್ಣಿನ ಜಗತ್ತಿನಲ್ಲಿ ಒಂದೇ ಆಗಿರುವ ಇವು ಕ್ವಾಂಟಮ್ ಲೋಕದಲ್ಲಿ ಬೇರೆ ಬೇರೆ.

ಟೊರಾಂಟೊ ತಂಡ 2021ರಲ್ಲಿ ಪರಮಾಣುಗಳ ಶಕ್ತಿಯನ್ನು ಬದಲಿಸಿ ನೋಡಿತು. ನಿಧಾನವಾಗಿ ಬಂದವು ಗೋಡೆಯೊಳಗೆ ಹೆಚ್ಚು ಹೊತ್ತು ಇರಬೇಕೆಂದು ನಮ್ಮ ಅನುಭವ ಹೇಳುತ್ತದೆ. ಆದದ್ದು ಉಲ್ಟಾ: ಶಕ್ತಿ ತಗ್ಗಿದಂತೆ, ದಾಟಿಬಂದ ಪರಮಾಣುಗಳು ಒಳಗೆ ಕಳೆದ ಹೊತ್ತೂ ತಗ್ಗಿತು.